ಹತ್ತರಿ ಮುಟ್ಟಿದ ಬಾಗಿಲು

ನಮ್ಮೂರಲ್ಲಿ ಹೆಬ್ಬಾಗಿಲಿಗೆ ಹತ್ತರಿ ಮುಟ್ಟಿಸುವಂತಿಲ್ಲ. ಮಂಚಕ್ಕೆ ಹೊಡೆಯಿರಿ, ಮೇಜಿಗೆ ಹೊಡೆಯಿರಿ, ಮರದ ಮೈಯನ್ನು ಎಷ್ಟು ಬೇಕಾದರೂ ನಯ ಮಾಡಿರಿ, ಬೇಡ ಅನ್ನುವವರಿಲ್ಲ. ಆದರೆ ಹೆಬ್ಬಾಗಿಲನ್ನು ಒಮ್ಮೆ ಚೌಕಟ್ಟಿಗೆ ಕೂರಿಸಿದ ಮೇಲೆ ಅದರ ಅಂಚಿನಿಂದ ಕೂದಲೆಳೆಯಷ್ಟು ಮರ ತೆಗೆದರೂ ಆ ಬಡಗಿಯ ಕೈಯಲ್ಲಿ ಊರವರು ಮತ್ತೆ ಒಂದು ಮಣೆಯನ್ನೂ ಮಾಡಿಸುವುದಿಲ್ಲ. ಮೂವತ್ತಾರು ವರ್ಷದಿಂದ ಈ ಊರಿನ ಬಡಗಿ ನಾನು, ಮೌನೇಶಾಚಾರಿ. ಒಂದು ದಿನವೂ ಆ ಕಟ್ಟು ಮುರಿದವನಲ್ಲ. ಹೀಗಿರುವಾಗ ನನ್ನದೇ ಮನೆಯ ಬಾಗಿಲ ಮೇಲೆ ನನ್ನದೇ ಹತ್ತರಿ ಏಳು ತಿಂಗಳು ಓಡಾಡಿತ್ತು ಎಂದರೆ ನೀವು ನಂಬುತ್ತೀರಾ? ನಾನಂತೂ ಕಣ್ಣಾರೆ ಕಂಡ ಮೇಲೂ ಒಂದು ಗಳಿಗೆ ನಂಬಲಿಲ್ಲ.

ಮನೆಯಲ್ಲಿ ಯಾರಿಗಾದರೂ ಬಿ.ಪಿ. ಏರಿದರೆ ನಮ್ಮೂರಲ್ಲಿ ಆ ಮನೆಯ ಹೆಬ್ಬಾಗಿಲು ಉಬ್ಬುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಮರ ಉಬ್ಬುತ್ತದಲ್ಲ, ಹಾಗೆ. ಇದು ಬಿರುಬೇಸಗೆಯಲ್ಲೂ ಉಬ್ಬುತ್ತದೆ ಅಷ್ಟೆ. ಮೊದಲು ಚೌಕಟ್ಟಿಗೆ ಉಜ್ಜುತ್ತದೆ, ಆಮೇಲೆ ಭುಜ ಕೊಟ್ಟು ನೂಕಬೇಕು, ಕೊನೆಗೆ ಭುಜಕ್ಕೂ ಜಗ್ಗುವುದಿಲ್ಲ. ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಬಾಗಿಲನ್ನು ಒಮ್ಮೆ ಹಿಂದೆ ಮುಂದೆ ಆಡಿಸುತ್ತಾರೆ. ಪಂಚಾಯಿತಿ ಕಚೇರಿಗೆ ಬಾಗಿಲನ್ನೇ ಇಟ್ಟಿಲ್ಲ. ಇಟ್ಟಿದ್ದರೆ ಸದಸ್ಯರೆಲ್ಲ ಒಳಗೇ ಮುದುಕರಾಗುತ್ತಿದ್ದರು. ಬೇರೆ ಕಡೆ ಹೊಸ್ತಿಲ ಮೇಲೆ ಕೂತರೆ ಹಿರಿಯರು ಬೈಯುತ್ತಾರಂತೆ. ನಮ್ಮಲ್ಲಿ ಕೂರದಿದ್ದರೆ ಬೈಯುತ್ತಾರೆ. ಬೆಳಿಗ್ಗೆ ಬೀದಿಗೆ ಬಂದರೆ ಹೊಸ್ತಿಲಿಗೊಬ್ಬರಂತೆ ಕಣ್ಣು ಮುಚ್ಚಿ, ಭುಜ ಇಳಿಬಿಟ್ಟು, ನಿಧಾನವಾಗಿ ಉಸಿರು ಬಿಡುತ್ತಿರುತ್ತಾರೆ. ಅಮಾವಾಸ್ಯೆಗೊಮ್ಮೆ ಬೀದಿಯವರು ಒಬ್ಬರ ಬಾಗಿಲನ್ನೊಬ್ಬರು ಕಿರುಬೆರಳಲ್ಲಿ ನೂಕಿ ನೋಡುತ್ತಾರೆ. ಯೋಗಕ್ಷೇಮ ವಿಚಾರಿಸುವ ರೀತಿ ಅದು. ಬಿ.ಪಿ.ಗೆ ನೋವಿಲ್ಲ, ಜ್ವರವಿಲ್ಲ, ಅದು ಒಳಗಿದೆ ಅಂತ ಹೇಳುವುದಕ್ಕೆ ಬಾಗಿಲೊಂದೇ ಇರುವುದು. ಅದನ್ನೂ ಕೆತ್ತಿಬಿಟ್ಟರೆ ಆ ಮನೆಯವರು ಒಂದು ದಿನ ಊಟಕ್ಕೆ ಕೂತಲ್ಲೇ ವಾಲಿಬಿಡುತ್ತಾರೆ. ನಮ್ಮಪ್ಪನ ಕಾಲದಲ್ಲಿ ಹಾಗೆ ಎರಡು ಹೆಣ ಬಿದ್ದಿದ್ದವು. ಹತ್ತರಿ ಮುಟ್ಟಿಸಬಾರದು ಎಂಬ ಕಟ್ಟು ಆಗ ಬಂದದ್ದು.

ಮೂರು ವರ್ಷದ ಕೆಳಗೆ ನನ್ನ ಬಾಗಿಲು ಹಿಡಿಯಿತು. ಹಿಡಿಯದೇ ಇನ್ನೇನು? ನಾನು ಆಗ ಹೆಸರಿಗೆ ಮಾತ್ರ ಮೌನೇಶ. ಮೊಳೆ ಬಾಗಿದರೆ ಕೂಗಾಡುವವನು, ಕಾಫಿ ಆರಿದರೆ ಲೋಟ ಎಸೆಯುವವನು. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಸರ್ವಮಂಗಳ, ಇಬ್ಬರೇ. ಮಂಗಳಾ ನನ್ನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು. ಅಲ್ಲಿಯ ನರ್ಸ್ ಫಿಲೋಮಿನಾ ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ನೂರಾ ತೊಂಬತ್ತು ಎಂದು ನಾಲಿಗೆ ಕಚ್ಚಿಕೊಂಡರು. ಡಾಕ್ಟರು ಮಾತ್ರೆ ಬರೆದರು. ಸಿಸ್ಟರ್ ಉಸಿರಾಟ ಹೇಳಿಕೊಟ್ಟರು: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಆಮೇಲೆ ಕಾಲ್ಬೆರಳುಗಳನ್ನು ಬಿಗಿಹಿಡಿದು ಸಡಿಲ ಬಿಡಬೇಕು, ಮೀನಖಂಡ ಬಿಗಿದು ಬಿಡಬೇಕು, ಹೀಗೆ ಮೇಲೆ ಮೇಲೆ ಹಣೆಯ ಗಂಟಿನ ತನಕ. "ಎರಡು ವಾರ ಇವರಿಗೆ ಗಾಬರಿ ಆಗೋ ಸುದ್ದಿ ಏನೂ ಹೇಳ್ಬೇಡಿ ಮಂಗಳಮ್ಮ" ಎಂದು ಕಳಿಸಿದರು.

ನಾನು ಎಣಿಸಿದರೆ ಎರಡಕ್ಕೇ ಸಿಟ್ಟು ಬರುತ್ತಿತ್ತು. ಆದ್ದರಿಂದ ಎಣಿಸುವ ಕೆಲಸ ಮಂಗಳಾ ವಹಿಸಿಕೊಂಡಳು. ದಿನಾ ಬೆಳಿಗ್ಗೆ ನಾನು ಹೊಸ್ತಿಲ ಮೇಲೆ, ಅವಳು ಬಾಗಿಲ ಹಿಂದೆ ನಿಂತು ಮೆಲ್ಲಗೆ ಒಂದು, ಎರಡು, ಮೂರು, ನಾಲ್ಕು. ಎರಡೂವರೆ ತಿಂಗಳಿಗೆ ಬಾಗಿಲು ಬಿಟ್ಟುಕೊಂಡಿತು. ಮತ್ತೊಂದು ತಿಂಗಳಿಗೆ ಕಿರುಬೆರಳಿಗೆ ತೆರೆಯತೊಡಗಿತು. ಬೀದಿಗೆ ಬೀದಿಯೇ ಬೆರಗಾಯಿತು. "ಆಚಾರಿಯ ಬಾಗಿಲೇ ತೆರೆದ ಮೇಲೆ ಯಾರದ್ದು ತೆರೆಯಲ್ಲ ಹೇಳಿ" ಎಂದು ಎದುರುಮನೆಯ ಹಿಟ್ಟಿನ ಗಿರಣಿ ಚನ್ನಬಸಪ್ಪ ನಕ್ಕಿದ್ದ. ಜನ ಬಂದು ನನ್ನಿಂದ ಉಸಿರಾಟ ಕಲಿತು ಹೋಗುತ್ತಿದ್ದರು. ನಾನೂ ಏನು ಕಮ್ಮಿ? ಕಣ್ಣು ಅರ್ಧ ಮುಚ್ಚಿ, ತಗ್ಗಿದ ದನಿಯಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ. ನನಗೆ ಶಾಂತಿ ಬೇಕಿತ್ತು, ಮನೆ ತುಂಬ ಶಾಂತಿ ಬೇಕಿತ್ತು. ಮಿಕ್ಸಿ ಸದ್ದು ಆಗದೆಂದರೆ ಮಂಗಳಾ ಚಟ್ನಿಯನ್ನು ಒರಳಲ್ಲಿ ರುಬ್ಬಿದಳು. ಕುಕ್ಕರ್ ಕೂಗಬಾರದೆಂದರೆ ಅನ್ನ ಬಸಿದಳು. ಜಗಳ ಹೊತ್ತು ಬಂದ ಗಿರಾಕಿಗಳನ್ನು ಬೀದಿಯ ತುದಿಯಲ್ಲೇ ತಡೆದು ಸಮಾಧಾನ ಮಾಡಿ ಕಳಿಸಿದಳು. ಎರಡು ವಾರ ಎಂದು ಸಿಸ್ಟರ್ ಹೇಳಿದ್ದನ್ನು ಅವಳು ಮೂರು ವರ್ಷ ನಡೆಸಿದಳು. ಮಾತ್ರೆ ಒಂದು ದಿನ ತಪ್ಪಲಿಲ್ಲ. ಆದರೆ ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳಲು ಹೋಗುವುದನ್ನು ನಾನೇ ನಿಲ್ಲಿಸಿದ್ದೆ. ಬಾಗಿಲೇ ಹೇಳುವಾಗ ಪಟ್ಟಿ ಯಾಕೆ ಎನ್ನುವ ಜಂಬ ನನ್ನದು.

ಹೀಗಿರುವಾಗ ಒಂದು ಅಮಾವಾಸ್ಯೆಯ ಹಿಂದಿನ ದಿನ. ಚನ್ನಬಸಪ್ಪನ ಗಿರಣಿಯಲ್ಲಿ ಕಪಾಟು ಕೂರಿಸಲು ಹೋದವನು ಮೂಲೆಮಟ್ಟ ಮರೆತಿದ್ದೆ. ತರಲೆಂದು ಹನ್ನೊಂದು ಗಂಟೆಗೆ ಮನೆಗೆ ವಾಪಸು ಬಂದೆ. ಬಾಗಿಲು ಓರೆಯಾಗಿತ್ತು. ಒಳಗಿನಿಂದ ಸರ್‍ರ್, ಸರ್‍ರ್ ಎಂಬ ಸದ್ದು. ಮೂವತ್ತಾರು ವರ್ಷ ಕೇಳಿದ ಸದ್ದು ಅದು, ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಬೆರಳು ಮುಟ್ಟಿಸಿದೆ, ಬಾಗಿಲು ಸುಮ್ಮನೆ ತೆರೆದುಕೊಂಡಿತು. ಮಂಗಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಚಿಕ್ಕ ಹತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕಾಲ ಬಳಿ ಮರದ ಸುರುಳಿಗಳ ರಾಶಿ. ಪಕ್ಕದಲ್ಲಿ ಒಂದು ಬಟ್ಟಲು ಹರಳೆಣ್ಣೆ, ಅದರಲ್ಲಿ ಕಲಸಿದ ಮಸಿ. ಕೆತ್ತಿದ ಜಾಗ ಬೆಳ್ಳಗೆ ಕಾಣದಿರಲೆಂದು ಬಳಿಯಲು.

"ಏನೇ ಇದು?"

"ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ?"

"ಏನು ಮಾಡ್ತಿದೀಯ ಅಂತ ಕೇಳ್ದೆ!"

"ಬೆಳಿಗ್ಗೆಯಿಂದ ಸ್ವಲ್ಪ ಹಿಡೀತಿತ್ತು ಕಣ್ರೀ. ನಾಳೆ ಎಲ್ಲಾ ನೂಕೋಕೆ ಬರ್ತಾರಲ್ಲ..." ಅವಳು ಹತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಸಿಟ್ಟು ಮಾಡ್ಕೋಬೇಡಿ. ಏಳು ತಿಂಗಳಿಂದ ಹಿಡೀತಿದೆ. ನಿಮಗೆ ಮತ್ತೆ ಏರಿದೆ ಅಂತ ಗೊತ್ತಾದ್ರೆ ಗಾಬರಿ ಬೀಳ್ತೀರ, ಆ ಗಾಬರಿಗೆ ಇನ್ನೂ ಏರತ್ತೆ. ಅದಕ್ಕೇ ಹೇಳ್ಲಿಲ್ಲ. ಉಪ್ಪು ಕಮ್ಮಿ ಮಾಡ್ದೆ, ದೇವರಿಗೆ ಹೇಳ್ಕೊಂಡೆ. ಕೂತ್ಕೊಳಿ ಮೊದ್ಲು. ಉಸಿರು ಬಿಡಿ, ನಾನು ಎಣಿಸ್ತೀನಿ."

ಏಳು ತಿಂಗಳು! ಸಾವನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಾನು ಊರಿಗೆ ಬುದ್ಧಿ ಹೇಳುತ್ತಿದ್ದೆನೇ? ಮೂರು ವರ್ಷದ ಶಾಂತಿ ಒಂದೇ ಉಸಿರಿಗೆ ಹಾರಿಹೋಯಿತು. "ನನ್ನ ಕೊಲ್ಲೋಕೆ ಕೂತಿದೀಯೇನೇ? ಬಡಗಿ ಹೆಂಡ್ತಿಯಾಗಿ ಹೆಬ್ಬಾಗಿಲು ಕೆತ್ತಿದೀಯಲ್ಲ, ನಿನಗೆ ಬುದ್ಧಿ ಇದೆಯಾ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎಂದೂ ಎಂದವಳಲ್ಲ. ಬಾಗಿಲನ್ನು ಧಡಾರನೆ ಎಳೆದುಕೊಂಡು ನಾನು ಆರೋಗ್ಯ ಕೇಂದ್ರಕ್ಕೆ ಓಡಿದೆ.

ಫಿಲೋಮಿನಾ ಸಿಸ್ಟರ್ ನನ್ನ ಅವಸ್ಥೆ ನೋಡಿ ಬೆಂಚಿನ ಮೇಲೆ ಕೂರಿಸಿದರು. ಹದಿನೈದು ನಿಮಿಷ ಮಾತಾಡಕೂಡದು ಎಂದರು. ಆಮೇಲೆ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೂ ಸುತ್ತಿ ನೋಡಿದರು.

"ನೂರಾ ಮೂವತ್ತು, ಎಂಬತ್ನಾಲ್ಕು. ಇಷ್ಟು ಓಡಿ ಬಂದೂ ಇಷ್ಟೇ. ನಿಮ್ಮದು ಚೆನ್ನಾಗಿದೆ ಆಚಾರ್ರೇ."

"ಸುಳ್ಳು ಹೇಳ್ಬೇಡಿ ಸಿಸ್ಟರ್. ಬಾಗಿಲು ಏಳು ತಿಂಗಳಿಂದ ಹಿಡೀತಿದೆಯಂತೆ."

"ನಿಮ್ಮನೇಲಿ ಎಷ್ಟು ಜನ?"

"ನಾನು, ಮಂಗಳಾ."

ಪಟ್ಟಿ ಸುತ್ತಿಡುತ್ತಿದ್ದ ಸಿಸ್ಟರ್ ಕೈ ನಿಂತಿತು. "ಅವರಿಗೆ ಯಾವತ್ತಾದ್ರೂ ನೋಡಿಸಿದೀರಾ?"

ನೋಡಿಸಿರಲಿಲ್ಲ. ಬಾಗಿಲು ಹಿಡಿದರೆ ನಮ್ಮೂರಲ್ಲಿ ಮನೆಯಲ್ಲಿ ಕೂಗಾಡುವವನನ್ನೇ ಹಿಡಿದು ಹೊಸ್ತಿಲಿಗೆ ಕೂರಿಸುತ್ತಾರೆ. ತಲೆಮಾರುಗಳ ರೂಢಿ. ದನಿ ಎತ್ತದವರಿಗೂ ರಕ್ತವಿರುತ್ತದೆ, ಅದೂ ಏರುತ್ತದೆ ಎಂಬ ಯೋಚನೆ ಯಾರ ತಲೆಗೂ ಹೊಳೆದಿರಲಿಲ್ಲ. "ನಾನೂ ಅವತ್ತು ಕೇಳ್ಲಿಲ್ಲವಲ್ಲ, ಯೇಸುವೇ" ಎಂದು ಸಿಸ್ಟರ್ ಎದೆಗೆ ಕೈ ಹಚ್ಚಿಕೊಂಡರು. ಚೀಲಕ್ಕೆ ಪಟ್ಟಿ ತುರುಕಿ ನನಗಿಂತ ಮುಂದೆ ಅವರೇ ಓಡಿದರು.

ಮನೆ ಮುಂದೆ ಬಂದರೆ ಬಾಗಿಲು ಕಚ್ಚಿಕೊಂಡಿತ್ತು. ಎಷ್ಟು ಉಬ್ಬಿತ್ತೆಂದರೆ ಚೌಕಟ್ಟಿನ ಕಲ್ಲಿನ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ನಾನು ಭುಜ ಕೊಟ್ಟೆ, ಚನ್ನಬಸಪ್ಪ ಓಡಿಬಂದು ಭುಜ ಕೊಟ್ಟ, ಮೂರು ಜನ ಸೇರಿದರೂ ಕೂದಲಷ್ಟು ಕದಲಲಿಲ್ಲ. ನಮ್ಮದು ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳ ಬೀದಿ, ಹಿತ್ತಿಲಿಲ್ಲ, ಬೇರೆ ಬಾಗಿಲಿಲ್ಲ. ಕಿಟಕಿಯ ಸರಳಿನಿಂದ ಇಣುಕಿದೆ. ಮಂಗಳಾ ಬಾಗಿಲಿಗೆ ಒರಗಿ ನೆಲದ ಮೇಲೆ ಕುಸಿದಿದ್ದಳು. ಕಾಲೆರಡೂ ಚಾಚಿದ್ದವು, ಒಂದು ಕೈ ತಲೆಯ ಮೇಲಿತ್ತು. ಚನ್ನಬಸಪ್ಪ ಕೊಡಲಿ ತಂದ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಬಾಗಿಲಿಗೆ ಬೀಳುವ ಏಟು ಅವಳ ಬೆನ್ನಿಗೇ ಬೀಳುವಂತಿತ್ತು.

"ಮಂಗಳಾ! ಲೇ ಮಂಗಳಾ! ಕೇಳ್ತಿದೆಯಾ?"

"ತಲೆ ಸಿಡೀತಿದೆ ಕಣ್ರೀ. ಕಣ್ಣು ಮಂಜು ಮಂಜು." ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನಿಮ್ಮದು ಎಷ್ಟು ಬಂತು?"

ನನ್ನದು ಎಷ್ಟು ಬಂತು ಎಂದು ಕೇಳುತ್ತಾಳೆ! ಎದುರಿಗೆ ನಿಂತಿದ್ದ ಸಿಸ್ಟರ್ ಮುಖ ಬಿಳಿಚಿಕೊಂಡಿತ್ತು. "ಒಳಗೆ ಹೋಗದೆ ನಾನೇನೂ ಮಾಡೋಕಾಗಲ್ಲ. ಬಾಗಿಲು ಬಿಡಬೇಕಾದ್ರೆ ಅವರು ಸ್ವಲ್ಪನಾದ್ರೂ ಇಳೀಬೇಕು. ಉಸಿರು ಬಿಡಿಸಿ ಆಚಾರ್ರೇ. ನಿಮ್ಮ ಕೈಲಾಗತ್ತೆ, ಬಿಡಿಸಿ!" ಎಂದರು.

ನಾನು ಬಾಗಿಲಿಗೆ ಕೆನ್ನೆ ಒತ್ತಿ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತೆ. "ನನ್ನದು ಚೆನ್ನಾಗಿದೆ. ಏರಿರೋದು ನಿನಗೆ. ನಾಲ್ಕು ಎಣಿಸ್ತೀನಿ, ಒಳಕ್ಕೆ ಎಳ್ಕೋ."

"ನನಗೆ ಬರಲ್ಲ ಕಣ್ರೀ" ಎಂದಳು. "ನಾನು ಎಣಿಸ್ದೋಳಷ್ಟೆ. ಒಂದಿನಾನೂ ಮಾಡಿಲ್ಲ."

ಮೂರು ವರ್ಷ, ದಿನಾ, ಬಾಗಿಲ ಹಿಂದೆ ನಿಂತು ಎಣಿಸಿದವಳು! ಊರಿಗೆಲ್ಲ ಕಲಿಸಿದ ನಾನು ಇವಳಿಗೊಬ್ಬಳಿಗೆ ನೀನೂ ಕೂತ್ಕೋ ಎಂದಿರಲಿಲ್ಲ. ಆದರೆ ಅಳುವ ಹೊತ್ತಲ್ಲ ಅದು. ಒಂದು, ಎರಡು ಎಂದು ಶುರು ಮಾಡಿದೆ. ಮೊದಮೊದಲು ಅವಳ ಉಸಿರು ಎರಡಕ್ಕೇ ಕಡಿದುಹೋಗುತ್ತಿತ್ತು. "ಬಿಡೋದು ಮುಖ್ಯ, ನಿಧಾನಕ್ಕೆ ಬಿಡು" ಎಂದೆ. ಆರರ ತನಕ ಎಣಿಸಿದೆ. ಮತ್ತೆ ನಾಲ್ಕು, ಮತ್ತೆ ಆರು. "ಕಾಲ್ಬೆರಳು ಬಿಗಿ ಹಿಡಿ... ಈಗ ಬಿಟ್ಬಿಡು. ಭುಜ ಇಳಿಸು. ಹಲ್ಲು ಕಚ್ಚಿದೀಯ, ನಂಗೊತ್ತು, ಬಿಡು." ಬೀದಿಯಲ್ಲಿ ಇಪ್ಪತ್ತು ಜನ ನಿಂತಿದ್ದರು. ಒಬ್ಬರೂ ಕೆಮ್ಮಲಿಲ್ಲ. ಎಷ್ಟು ಹೊತ್ತು ಎಣಿಸಿದೆನೋ ಗೊತ್ತಿಲ್ಲ, ನನ್ನ ಮಂಡಿ ಮರಗಟ್ಟಿತ್ತು. ಆಗ ಕೆನ್ನೆಯ ಕೆಳಗೆ ಮರ ಕಿರ್ ಎಂದಿತು. ಒಂದು ಎಳೆ, ಒಂದೇ ಒಂದು ಎಳೆ ಸಡಿಲವಾಗಿತ್ತು. ಅಷ್ಟು ಸಾಕಿತ್ತು. ಎಲ್ಲರೂ ಸೇರಿ ಒತ್ತಿ ಹಿಡಿದು, ಅವಳನ್ನು ಅಂಗುಲ ಅಂಗುಲವಾಗಿ ಒಳಕ್ಕೆ ಸರಿಸುತ್ತ ಬಾಗಿಲು ತೆರೆದೆವು.

ಸಿಸ್ಟರ್ ಪಟ್ಟಿ ಸುತ್ತಿ ನೋಡಿದರು. ನನಗೆ ಅಂಕಿ ಹೇಳಲಿಲ್ಲ. ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಹಾಕಿಕೊಂಡು ಹೋಗುವಾಗ ಎರಡು ಸಲ ಕೇಳಿದ ಮೇಲೆ ಇನ್ನೂರಾ ಇಪ್ಪತ್ತೆರಡು ಎಂದರು. ಇನ್ನೊಂದು ಗಂಟೆ ತಡವಾಗಿದ್ದರೆ ಮೈಯ ಒಂದು ಕಡೆ ಬಿದ್ದುಹೋಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಉಸಿರಾಟ ಒಳ್ಳೆಯದೇ, ದಿನಾ ಮಾಡಲಿ, ಆದರೆ ಅದನ್ನು ನಂಬಿ ಮಾತ್ರೆ ಬಿಡುವಂತಿಲ್ಲ ಎಂದೂ ಹೇಳಿದರು. ಮಂಗಳಾ ಬದುಕಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಮಗುವಿನ ಹಾಗೆ ಅತ್ತೆ.

ಮೂರನೆಯ ದಿನ ಅವಳಿಗೆ ಸೀರೆ ತರಲು ಮನೆಗೆ ಬಂದೆ. ಬೀದಿಯ ತಿರುವಿನಲ್ಲೇ ಕಾಲು ನಿಂತುಬಿಟ್ಟಿತು. ಬಾಗಿಲು ಮುಚ್ಚಿತ್ತು, ಆದರೂ ನಡುಮನೆಯ ಗೋಡೆ ಕಾಣುತ್ತಿತ್ತು. ಮಾತ್ರೆಗೆ ಅವಳ ಬಿ.ಪಿ. ಇಳಿದಿತ್ತು, ಬಾಗಿಲು ಕುಗ್ಗಿತ್ತು. ಈಗ ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲಿಂದ ಕೆಳಗಿನ ತನಕ ಸಂದು. ಹತ್ತಿರ ಹೋಗಿ ಕೈ ತೂರಿಸಿದೆ. ನಾಲ್ಕು ಬೆರಳೂ ಅಡ್ಡಡ್ಡ ಹೋದವು. ನಾಲ್ಕು ಬೆರಳು ಎಂದರೆ ಎಷ್ಟು ಮರವೆಂದು ಬಡಗಿಗೆ ಹೇಳಿಕೊಡಬೇಕೇ? ಆ ಹತ್ತರಿ ಒಂದು ಎಳೆತಕ್ಕೆ ಕಾಗದದಷ್ಟು ದಪ್ಪವನ್ನೂ ತೆಗೆಯುವುದಿಲ್ಲ. ನಾನು ಹೊರಗೆ ಹೋದಾಗಲೆಲ್ಲ ಅವಳು ಕೆತ್ತಿದ್ದಾಳೆ. ತನ್ನ ರಕ್ತ ಏರಿದಷ್ಟೂ ನನ್ನದೆಂದುಕೊಂಡು, ನನ್ನ ಶಾಂತಿ ಕೆಡದಿರಲೆಂದು ಕೆತ್ತಿದ್ದಾಳೆ. ಕೆತ್ತಿದ್ದನ್ನು ಹಂಡೆಯೊಲೆಗೆ ಹಾಕಿ ನನಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟಿದ್ದಾಳೆ. ನಾನು ಆ ಸಂದಿನ ಮುಂದೆ ಎಷ್ಟೋ ಹೊತ್ತು ಪೆದ್ದನ ಹಾಗೆ ನಿಂತಿದ್ದೆ. ಪಕ್ಕದ ಮನೆಯ ಬೆಕ್ಕು ನನ್ನ ಕಾಲು ಸವರಿಕೊಂಡು ಆ ಸಂದಿನಲ್ಲೇ ಒಳಗೆ ಹೋಯಿತು.

ಎಂಟನೆಯ ದಿನ ಅವಳನ್ನು ಮನೆಗೆ ಕರೆತಂದೆ. ಇನ್ನು ನೋಡಿ ನನ್ನ ಆಳ್ವಿಕೆ! ಒಲೆ ಮುಂದೆ ನಾನೇ. ಅವಳು ಎದ್ದರೆ ಕೂತ್ಕೋ, ಮಾತಾಡಿದರೆ ಸುಮ್ಮನಿರು, ನಕ್ಕರೂ ನಿಧಾನ. ನೋಡಲು ಬಂದವರನ್ನು ಬೀದಿಯ ತುದಿಯಲ್ಲೇ ತಡೆದು ವಾಪಸು ಕಳಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊಸ್ತಿಲಿಗೆ ಕೂರಿಸಿ ಎಣಿಸಿದೆ. ಎರಡು ದಿನ ತಾಳಿಕೊಂಡಳು. ಮೂರನೆಯ ದಿನ ಬೆಳಿಗ್ಗೆ ಕಾಗದ ಪೆನ್ನು ಹಿಡಿದು ಏನೋ ಬರೆಯಲು ಕೂತಿದ್ದಳು. "ಅದೆಲ್ಲ ಈಗ ಬೇಡ, ತಲೆಗೆ ಹಚ್ಚಿಕೋಬಾರದು" ಎಂದು ಕಾಗದ ಕಿತ್ತುಕೊಂಡೆ.

"ಕೊಡ್ರೀ ಇಲ್ಲಿ!"

ನಾನು ಬೆಚ್ಚಿಬಿದ್ದೆ. ಮದುವೆಯಾದ ಮೂವತ್ತು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಚನ್ನಬಸಪ್ಪ ಹಾಗೇ ನಿಂತುಬಿಟ್ಟ.

"ಸಾಕು ನಿಮ್ಮ ಶಾಂತಿ! ಸುಮ್ನಿರು, ಸುಮ್ನಿರು, ಸುಮ್ನಿರು! ಅವತ್ತು ನಿಮಗೋಸ್ಕರ ಸುಮ್ನಿರಬೇಕಿತ್ತು, ಇವತ್ತು ನನಗೋಸ್ಕರ ಸುಮ್ನಿರಬೇಕು. ನಾನು ಬಾಯಿ ಬಿಡೋದು ಯಾವಾಗ? ನಮ್ಮಕ್ಕನ ಮಗಳಿಗೆ ಬರೀತಿದೀನಿ. ಅಕ್ಕ ಸತ್ತು ಏಳು ತಿಂಗಳಾಯ್ತು, ಗೊತ್ತಾ ನಿಮಗೆ? ಏಳು ತಿಂಗಳು!"

ನನ್ನ ಕೈಯಿಂದ ಕಾಗದ ಜಾರಿತು. ಅವಳ ಅಕ್ಕ ದಾಕ್ಷಾಯಿಣಿ. ಮಂಗಳಾಳನ್ನು ತಾಯಿಯಿಲ್ಲದ ಮಗುವೆಂದು ಎತ್ತಿ ಸಾಕಿದವಳು. ಏಳು ತಿಂಗಳ ಕೆಳಗೆ ಮಂಗಳಾ, ಅಕ್ಕನ ಮನೆಯಲ್ಲಿ ನಾಮಕರಣವಿದೆ, ಎರಡು ದಿನ ಹೋಗಿ ಬರ್ತೀನಿ ಎಂದಿದ್ದಳು. ನಾನು ಕಣ್ಣು ತೆರೆಯದೆಯೇ ಆಗಲಿ ಎಂದಿದ್ದೆ. ವಾಪಸು ಬಂದ ದಿನ ಸಂಜೆ ನನಗೆ ಉಪ್ಪಿಲ್ಲದ ಸಾರು ಮಾಡಿ ಬಡಿಸಿದ್ದಳು, ಮರುದಿನ ಬೆಳಿಗ್ಗೆ ಬಾಗಿಲ ಹಿಂದೆ ನಿಂತು ಎಣಿಸಿದ್ದಳು.

"ಹೇಳ್ಬಾರದಿತ್ತೇನೇ?" ಎಂದೆ.

"ಹೇಳಿದ್ರೆ ಅಳ್ತಿದ್ದೆ. ಅತ್ತರೆ ನಿಮ್ಮ ಬಾಗಿಲು ಹಿಡಿಯೋದು." ಅಷ್ಟು ಹೇಳಿ ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಅಕ್ಕಾ, ಅಕ್ಕಾ ಎಂದು ಎದೆ ಬಡಿದುಕೊಂಡು ಅತ್ತಳು. ಬೀದಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತರು. ಸಮಾಧಾನ ಮಾಡ್ಕೋ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಪಕ್ಕದಲ್ಲಿ ಕೂತೆ. ಅವಳ ಅಳು ಮುಗಿಯುವ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಸಿಸ್ಟರ್ ಬಂದು ಪಟ್ಟಿ ಸುತ್ತಿ ನೋಡಿ, ನೂರಾ ಮೂವತ್ತೆಂಟು, ಚಿಂತೆಯಿಲ್ಲ ಎಂದರು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಅವಳ ಅಕ್ಕನ ಊರಿಗೆ ಹೊರಟೆವು. ಮಾತ್ರೆಯ ಪೊಟ್ಟಣಗಳನ್ನು ನಾನೇ ಚೀಲಕ್ಕೆ ಹಾಕಿಕೊಂಡೆ. ಬಾಗಿಲೆಳೆದು ಚಿಲಕ ಹಾಕಲು ಹೋದರೆ ಅದು ಚೌಕಟ್ಟಿನ ತನಕ ಮುಟ್ಟಲಿಲ್ಲ. ಒಂದು ಮರದ ಪಟ್ಟಿ ಕೂರಿಸಿ ಸಂದು ಮುಚ್ಚಲು ನನಗೆ ಅರ್ಧ ಗಂಟೆ ಸಾಕಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು, ಅವಳಾಗಲೇ ಬೀದಿಯ ತಿರುವಿನಲ್ಲಿ ನಿಂತು, "ಬರ್ರೀ, ಎಷ್ಟು ಹೊತ್ತು!" ಎಂದು ಗಟ್ಟಿಯಾಗಿ ಕೂಗುತ್ತಿದ್ದಳು. ಮನೆಯನ್ನು ಹಾಗೇ ತೆರೆದು ಬಿಟ್ಟು ನಾನು ಅವಳ ಹಿಂದೆ ಓಡಿದೆ.